ಗ್ರಹಣದ ರಾತ್ರಿ ಗರಿಕೆ ಹಾಕಿದ ವಿಜ್ಞಾನ ಶಿಕ್ಷಕಿಗೆ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣದ ದಿನ ಅತ್ತೆಯವರ ಮಾತಿನಂತೆ ನೀರಿನ ಕೊಡ, ಉಪ್ಪಿನಕಾಯಿ ಭರಣಿ, ಹಿಟ್ಟಿನ ಡಬ್ಬಿಗಳಿಗೆಲ್ಲ ಗರಿಕೆ ಹಾಕಿದೆ. ಮರುದಿನ ಎಂಟನೇ ತರಗತಿಯ ಹುಡುಗಿಯೊಬ್ಬಳು, "ಅಕ್ಕೋರ, ನಿಮ್ಮ ಮನ್ಯಾಗೂ ನೀರಿಗೆ ಗರಿಕಿ ಹಾಕಿದ್ರಂತ, ಖರೇನ್ರೀ?" ಎಂದು ಕೇಳಿಬಿಟ್ಟಳು. ಸಹೋದ್ಯೋಗಿಯೊಬ್ಬರು, "ಗರಿಕೆ ಗ್ರಹಣದ ವಿಷಕಿರಣ ಹೀರುತ್ತದೆ, ಅದೂ ವಿಜ್ಞಾನವೇ ಅಂತ ಹೇಳಿ ಮುಗಿಸಿಬಿಡ್ರಿ" ಎಂದರು. ಇದು ನಿಜವೇ? ದೇವರನ್ನು ನಂಬುತ್ತ ವಿಜ್ಞಾನ ಕಲಿಸುವುದು ಆತ್ಮವಂಚನೆಯೇ? ನಂಬಿಕೆ ಮತ್ತು ವಿಜ್ಞಾನ ಹೊಂದಿಕೊಂಡು ಹೋಗಲು ಸಾಧ್ಯವೇ?

ಉತ್ತರ: ಸಾಧ್ಯ. ಆದರೆ ನಿಮ್ಮ ಸಹೋದ್ಯೋಗಿ ತೋರಿಸಿದ ದಾರಿಯಿಂದಲ್ಲ. ನನ್ನನ್ನು ಕೇಳಿದರೆ ಅತ್ತೆಯವರ ಗರಿಕೆಗಿಂತ ಆ ಸಹೋದ್ಯೋಗಿಯ 'ವಿಷಕಿರಣ'ವೇ ಹೆಚ್ಚು ಅಪಾಯದ್ದು. ಅತ್ತೆಯವರು "ಹಿರಿಯರು ಮಾಡ್ಕೊಂಡು ಬಂದಾರ, ಮಾಡೋಣು" ಅಂದಿರಬೇಕು. ಅದರಲ್ಲಿ ಭಕ್ತಿಯಿದೆ, ರೂಢಿಯಿದೆ, ಒಂದಿಷ್ಟು ಅಂಜಿಕೆಯೂ ಇದೆ, ಸುಳ್ಳಿಲ್ಲ. ಸಹೋದ್ಯೋಗಿಯ ಮಾತಿನಲ್ಲಿ ಇಲ್ಲದ ಕಿರಣವೊಂದು ಹುಟ್ಟಿಕೊಂಡಿದೆ, ಅದಕ್ಕೆ ವಿಜ್ಞಾನದ ಮೊಹರು ಬಿದ್ದಿದೆ, ಮೇಲಾಗಿ ಅದನ್ನು ಮಕ್ಕಳಿಗೆ ದಾಟಿಸಬೇಕಂತೆ.

ಮೊದಲು ಆ ಕಿರಣದ ವಿಚಾರ ಮುಗಿಸೋಣ. ಚಂದ್ರಗ್ರಹಣವೆಂದರೆ ಚಂದ್ರ ಭೂಮಿಯ ನೆರಳಿನೊಳಗೆ ಹೊಕ್ಕು ಹೊರಬರುವುದು. ಭೂಮಿಯ ದಟ್ಟ ನೆರಳು ಸುಮಾರು 14 ಲಕ್ಷ ಕಿಲೋಮೀಟರ್ ಉದ್ದ ಚಾಚಿರುತ್ತದೆ; ಚಂದ್ರ ಇರುವುದು 3.84 ಲಕ್ಷ ಕಿಲೋಮೀಟರ್ ದೂರದಲ್ಲಿ. ಅಂದು ರಾತ್ರಿ ಹತ್ತರ ಸುಮಾರಿಗೆ ಹಿಡಿದ ಗ್ರಹಣದಲ್ಲಿ ಚಂದ್ರ ಪೂರ್ತಿ ನೆರಳಿನಲ್ಲಿದ್ದದ್ದು 82 ನಿಮಿಷ. ಆಗ ಅದು ತಾಮ್ರದ ಬಣ್ಣಕ್ಕೆ ತಿರುಗಿದ್ದನ್ನು ನೀವೂ ನೋಡಿರಬಹುದು. ಭೂಮಿಯ ವಾತಾವರಣದಲ್ಲಿ ಬಾಗಿ ಹೋದ ಬಿಸಿಲಿನ ಕೆಂಪು ಭಾಗವಷ್ಟೇ ಅಲ್ಲಿಗೆ ತಲುಪುತ್ತದೆ. ಲೋಕದ ಎಲ್ಲ ಸೂರ್ಯೋದಯ, ಸೂರ್ಯಾಸ್ತಗಳ ಬೆಳಕೂ ಒಟ್ಟಾಗಿ ಚಂದ್ರನ ಮೇಲೆ ಬಿದ್ದಿರುತ್ತದೆ. ಹೊಸದಾಗಿ ಯಾವ ಕಿರಣವೂ ಹೊರಡುವುದಿಲ್ಲ, ಇದ್ದ ಬೆಳಕು ಕಡಿಮೆಯಾಗುತ್ತದೆ ಅಷ್ಟೇ. ಇನ್ನು ಆ ನೆರಳೇ ಕೆಟ್ಟದ್ದು ಎನ್ನುವುದಾದರೆ, ನಾವು ದಿನಾ ಸಂಜೆ ಹೊಕ್ಕುತ್ತಿರುವುದೂ ಅದೇ ನೆರಳಿನೊಳಗೆ. ಅದಕ್ಕೆ ನಾವು ರಾತ್ರಿ ಎನ್ನುತ್ತೇವೆ, ಉಂಡು ಮಲಗುತ್ತೇವೆ.

ಈಗ ದೊಡ್ಡ ಪ್ರಶ್ನೆ. ಇದು ಗೆಲಿಲಿಯೋನಿಂದ ಶುರುವಾದ ಪಾಶ್ಚಾತ್ಯರ ಜಗಳ, ನಮ್ಮಲ್ಲಿ ಧರ್ಮಕ್ಕೂ ವಿಜ್ಞಾನಕ್ಕೂ ತಕರಾರೇ ಇರಲಿಲ್ಲ ಎಂದು ಭಾಷಣಗಳಲ್ಲಿ ಕೇಳುತ್ತಿರುತ್ತೇವೆ. ಇತ್ತು. ಅದೂ ಇದೇ ಗ್ರಹಣದ ಮೇಲೆ. 499ರಲ್ಲಿ ಆರ್ಯಭಟ ಸ್ಪಷ್ಟವಾಗಿ ಬರೆದ: ಸೂರ್ಯನನ್ನು ಚಂದ್ರ ಮರೆಮಾಡುತ್ತದೆ, ಚಂದ್ರನನ್ನು ಭೂಮಿಯ ದೊಡ್ಡ ನೆರಳು ಮುಚ್ಚುತ್ತದೆ. ರಾಹುವಿಗೆ ಅಲ್ಲಿ ಕೆಲಸವಿಲ್ಲ. ನೂರಾ ಇಪ್ಪತ್ತೊಂಬತ್ತು ವರ್ಷದ ನಂತರ, 628ರಲ್ಲಿ, ಬ್ರಹ್ಮಗುಪ್ತ ತನ್ನ ಗ್ರಂಥ ಬರೆದ. ಆತನೇನು ಸಾಮಾನ್ಯನಲ್ಲ, ಸೊನ್ನೆಯೊಡನೆ ಲೆಕ್ಕ ಮಾಡುವ ನಿಯಮಗಳನ್ನು ಬರೆದುಕೊಟ್ಟ ಗಣಿತಜ್ಞ. ಆದರೂ ಗ್ರಹಣಕ್ಕೆ ರಾಹು ಕಾರಣನಲ್ಲ ಎನ್ನುವವರು ವೇದ ಸ್ಮೃತಿಗಳಿಗೆ ವಿರುದ್ಧ ಹೋಗುತ್ತಾರೆಂದು ಆಕ್ಷೇಪಿಸಿದ. ಹಾಗೆ ಆಕ್ಷೇಪಿಸಿದವನೇ ಗ್ರಹಣದ ಹೊತ್ತು ಲೆಕ್ಕ ಹಾಕುವಾಗ ನೆರಳಿನ ಅಳತೆ ಹಿಡಿದೇ ಹಾಕಿದ. ರಾಹುವಿನ ಬಾಯಿಯ ಅಳತೆಯಿಂದ ಗ್ರಹಣದ ಸಮಯ ಬರುವುದಿಲ್ಲವಲ್ಲ!

ಇದನ್ನು ಸುಮಾರು ನಾಲ್ಕು ನೂರು ವರ್ಷದ ಮೇಲೆ ಓದಿ ಬೆರಗಾದವನು ಮಧ್ಯ ಏಷ್ಯಾದ ವಿದ್ವಾಂಸ ಅಲ್‌ಬೇರೂನಿ. ಇಷ್ಟು ತಿಳಿದವನು ಹೀಗೇಕೆ ಬರೆದ ಎಂದು ಯೋಚಿಸಿ, ತನ್ನ ವಿಚಾರಗಳಿಗಾಗಿ ವಿಷ ಕುಡಿಯಬೇಕಾದ ಗ್ರೀಕ್ ತತ್ವಜ್ಞಾನಿ ಸಾಕ್ರೆಟಿಸನಿಗೆ ಒದಗಿದಂಥ ಗತಿಯ ಭಯ ಈತನಿಗೂ ಇದ್ದಿರಬೇಕು ಎಂದು 1030ರ ಸುಮಾರಿಗೆ ಬರೆದ ತನ್ನ ಭಾರತ ವೃತ್ತಾಂತದಲ್ಲಿ ಊಹಿಸಿದ. ಆ ಊಹೆ ಸರಿಯೋ ತಪ್ಪೋ, ಬ್ರಹ್ಮಗುಪ್ತನ ಒಳಗಿನದು ಈಗ ಯಾರಿಗೂ ಸಿಗದು. ಆದರೆ ನೀವು ಅನುಭವಿಸುತ್ತಿರುವ ಸಂಕಟಕ್ಕೆ ಹದಿನಾಲ್ಕು ನೂರು ವರ್ಷದ ವಂಶಾವಳಿ ಇದೆ ಎಂದು ತಿಳಿದರೆ ನಿಮಗೆ ಸ್ವಲ್ಪ ಹಗುರಾದೀತು.

ನಮ್ಮ ಪಂಚಾಂಗ ಇಂದಿಗೂ ಬ್ರಹ್ಮಗುಪ್ತನ ಹಾಗೆಯೇ ಇದೆ. ಒಂದೇ ಪುಟದಲ್ಲಿ ಗ್ರಹಣದ ಸ್ಪರ್ಶ (ಹಿಡಿಯುವುದು), ಮಧ್ಯ, ಮೋಕ್ಷ (ಬಿಡುವುದು) ಇವುಗಳ ಗಂಟೆ ನಿಮಿಷ ಕೊಟ್ಟಿರುತ್ತದೆ. ಕೆಳಗೆ ಯಾವ ರಾಶಿಗೆ ಅಶುಭ, ಯಾರು ಏನು ದಾನ ಕೊಡಬೇಕು ಎಂದಿರುತ್ತದೆ. ಮೇಲಿನ ಭಾಗ ತಪ್ಪಿದರೆ ಊರಿನವರೆಲ್ಲ ಅಂಗಳದಲ್ಲಿ ನಿಂತೇ ಹಿಡಿಯಬಹುದು. ಹಾಗಾಗಿಯೇ ಹಳೆಯ ಸೂತ್ರಗಳಿಂದ ಬರುವ ಹೊತ್ತು ಆಕಾಶಕ್ಕೆ ಹೊಂದದಿದ್ದಾಗ ಪಂಚಾಂಗಕರ್ತರು ದೃಗ್ಗಣಿತಕ್ಕೆ, ಅಂದರೆ ಆಕಾಶದಲ್ಲಿ ಕಂಡದ್ದಕ್ಕೆ ಹೊಂದುವ ಲೆಕ್ಕಕ್ಕೆ, ಬಂದರು. ಕೆಳಗಿನ ಭಾಗ ತಪ್ಪಿತೆಂದು ತೋರಿಸುವ ಬಗೆಯೇ ಇಲ್ಲ, ಆದ್ದರಿಂದ ಅದು ತಿದ್ದುಪಡಿಯಾಗಿಲ್ಲ. ವಿಜ್ಞಾನಕ್ಕೂ ನಂಬಿಕೆಗೂ ನಾನು ಕಾಣುವ ವ್ಯತ್ಯಾಸ ಆ ಎರಡು ಭಾಗಗಳ ನಡುವಿನದು. ತಪ್ಪಾದರೆ ಗೊತ್ತಾಗುವಂತೆ ಹೇಳಿದ್ದು ವಿಜ್ಞಾನದ ಮಾತು. ಅದಕ್ಕೆ ಸಂಸ್ಕೃತ ಬರಬಾರದೆಂದಿಲ್ಲ, ಇಂಗ್ಲಿಷ್ ಬರಲೇಬೇಕೆಂದೂ ಇಲ್ಲ.

1980ರ ಫೆಬ್ರುವರಿ 16ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಅಂಕೋಲಾ ಕಡೆಯಿಂದ ಏರಿ ಹುಬ್ಬಳ್ಳಿ, ಗದಗ ದಾಟಿ ರಾಯಚೂರಿನತ್ತ ಸಾಗಿತು. ಹಾಡುಹಗಲೇ ಎರಡು ನಿಮಿಷಕ್ಕೂ ಮೀರಿ ಕತ್ತಲು. ಜೀವಮಾನದಲ್ಲಿ ಒಮ್ಮೆ ಮನೆ ಬಾಗಿಲಿಗೇ ಬಂದ ನೋಟ ಅದು. ವಿಜ್ಞಾನಿಗಳು ದೂರದೂರದಿಂದ ದುರ್ಬೀನು ಹೊತ್ತು ನಮ್ಮ ಕಡೆ ಬಂದು ಬೀಡುಬಿಟ್ಟರು. ನಮ್ಮ ಜನ ಕಿಟಕಿ ಮುಚ್ಚಿ ಒಳಗೆ ಕೂತರು, ಬಜಾರು ಬಿಕೋ ಎಂದಿತು. ಮನೆಯ ಹಿರಿಯರಿಗೆ ಆಗ ಹೇಗಿತ್ತೆಂದು ಮಕ್ಕಳಿಂದ ಕೇಳಿಸಿ ಬರೆಸಿರಿ, ಒಳ್ಳೆಯ ಪಾಠವಾದೀತು.

ಒಂದು ಹಿಡಿ ಗರಿಕೆಯಿಂದ ಯಾರಿಗೂ ನಷ್ಟವಿಲ್ಲ. ನಷ್ಟ ಶುರುವಾಗುವುದು ಬೇರೆ ಕಡೆ. ಬಸುರಿ ಗ್ರಹಣ ನೋಡಿದರೆ ಮಗುವಿಗೆ ತುಟಿ ಸೀಳುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಆಕೆ ಕತ್ತರಿ, ಈಳಿಗೆ ಮುಟ್ಟಬಾರದು, ತಾಸುಗಟ್ಟಲೆ ಊಟ ನೀರು ಬಿಟ್ಟು ಮಲಗಿರಬೇಕು. ಮಗುವಿನ ಮೇಲ್ದುಟಿ ಕೂಡಿಕೊಳ್ಳುವುದು ಗರ್ಭದ ನಾಲ್ಕರಿಂದ ಏಳನೇ ವಾರದೊಳಗೆ. ಬಹಳಷ್ಟು ಹೆಣ್ಣುಮಕ್ಕಳಿಗೆ ತಾವು ಬಸುರಿ ಎಂಬುದೇ ಆಗಿನ್ನೂ ಖಾತ್ರಿಯಾಗಿರುವುದಿಲ್ಲ. ಹೊಟ್ಟೆ ಕಾಣಿಸಿ, ಮನೆಯವರು ಬಾಗಿಲು ಹಾಕಿ ಕೂರಿಸುವ ಹೊತ್ತಿಗೆ ತುಟಿಯ ಕೆಲಸ ಮುಗಿದು ತಿಂಗಳುಗಳೇ ಆಗಿರುತ್ತವೆ. ಜಗತ್ತಿನಲ್ಲಿ ಸುಮಾರು 700 ಹೆರಿಗೆಗೆ ಒಂದು ಮಗು ಸೀಳುತುಟಿ ಅಥವಾ ಸೀಳು ಅಂಗುಳದೊಡನೆ ಹುಟ್ಟುತ್ತದೆ, ಗ್ರಹಣ ಆದ ವರ್ಷವೂ ಆಗದ ವರ್ಷವೂ. ಕಾರಣಗಳಲ್ಲಿ ವಂಶವಾಹಿಗಳಿವೆ, ತಾಯಿ ಸೇವಿಸಿದ ಕೆಲವು ಔಷಧಗಳಿವೆ, ತಂಬಾಕಿದೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ನಮ್ಮ ಪದ್ಧತಿಯಿಂದಲೂ ಹುಟ್ಟುದೋಷಗಳ ಸಂಭವ ಹೆಚ್ಚುತ್ತದೆ. ಅದನ್ನು ಯಾವ ಹಿರಿಯರೂ ಗ್ರಹಣದಷ್ಟು ಜೋರಾಗಿ ಹೇಳುವುದಿಲ್ಲ.

ಅಂಥ ಮಗು ಹುಟ್ಟಿದ ಮನೆಯಲ್ಲಿ ಮೊದಲು ಬರುವ ಮಾತು, "ಗ್ರಹಣದಾಗ ಹೊರಗ ಹೋಗಿದ್ಲು." ಬಾಣಂತಿಯ ತಲೆ ಮೇಲೆ ಜೀವಮಾನದ ಅಪವಾದ. ಇಲ್ಲಿ ನಾನು ಹೊಂದಾಣಿಕೆಯ ಮಾತನಾಡುವುದಿಲ್ಲ. ಇನ್ನೊಬ್ಬರ ಮೈಗೆ, ಮಾನಕ್ಕೆ ಪೆಟ್ಟು ಕೊಡುವ ನಂಬಿಕೆ ಮನೆಯದಾದರೂ ಮಠದ್ದಾದರೂ ವಿಜ್ಞಾನ ಶಿಕ್ಷಕಿ ಸುಮ್ಮನಿರಬಾರದು. ಅದೇ ಹೊತ್ತಿಗೆ ಇನ್ನೊಂದನ್ನೂ ಮಕ್ಕಳಿಗೆ ಹೇಳಿರಿ: ಧಾರವಾಡದ ಸತ್ತೂರಿನಲ್ಲಿ ಇಂಥ ಮಕ್ಕಳ ತುಟಿ ಹೊಲಿದು ಸರಿಮಾಡುವ ಹೆಸರಾಂತ ವಿಭಾಗವಿದೆ. ಅದಿರುವ ಆಸ್ಪತ್ರೆಯ ಹೆಸರು ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ. ದೇವರ ಹೆಸರು ಆಸ್ಪತ್ರೆಯ ಫಲಕದ ಮೇಲೆ, ಒಳಗೆ ಅರಿವಳಿಕೆ, ಹೊಲಿಗೆ, ಆಂಟಿಬಯೋಟಿಕ್. ಇವೆರಡರ ನಡುವೆ ಅಲ್ಲಿ ಯಾರಿಗೂ ತಿಕ್ಕಾಟ ಕಂಡಿಲ್ಲ. ಏಕೆಂದರೆ ಹೊಲಿಗೆ ಎಲ್ಲಿ ಹಾಕಬೇಕೆಂದು ಯಾರೂ ಮಂಜುನಾಥನನ್ನು ಕೇಳುವುದಿಲ್ಲ.

ನಾನು ನಾಸ್ತಿಕನಲ್ಲ. ಶ್ರಾವಣ ಸೋಮವಾರ ಶಾಲ್ಮಲೆ ಹುಟ್ಟುವಲ್ಲಿನ ಸೋಮೇಶ್ವರ ಗುಡಿಗೆ ಹೋಗುತ್ತೇನೆ, ಅಲ್ಲಿ ಕೂತರೆ ಮನಸ್ಸಿಗೆ ಸಮಾಧಾನ. ಆ ಸಮಾಧಾನಕ್ಕೆ ಪ್ರಯೋಗಾಲಯದ ಸರ್ಟಿಫಿಕೇಟು ಬೇಕೆಂದು ನನಗೆ ಎಂದೂ ಅನ್ನಿಸಿಲ್ಲ. ಈಚೆಗೆ ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳಿಗೆ ಮಾತ್ರ ಅದು ಬೇಕೇ ಬೇಕು. ಗಂಟೆಯ ನಾದದಿಂದ ಕ್ರಿಮಿ ಸಾಯುತ್ತವೆ, ಕುಂಕುಮದಿಂದ ಗ್ರಂಥಿ ಜಾಗೃತವಾಗುತ್ತದೆ, ಇತ್ಯಾದಿ. ಇವುಗಳಲ್ಲಿ ಸ್ವಲ್ಪ ಘನವಾಗಿ ಕಾಣುವ ಒಂದನ್ನು ಮಾತ್ರ ಹತ್ತಿರದಿಂದ ನೋಡೋಣ. ಬ್ರಹ್ಮನ ಒಂದು ಹಗಲು, ಅಂದರೆ ಒಂದು ಕಲ್ಪ, 432 ಕೋಟಿ ವರ್ಷ. ವಿಜ್ಞಾನಿಗಳು ಹೇಳುವ ಭೂಮಿಯ ವಯಸ್ಸು 454 ಕೋಟಿ. ನೋಡಿರಿ, ನಮ್ಮ ಋಷಿಗಳಿಗೆ ಮೊದಲೇ ಗೊತ್ತಿತ್ತು ಎನ್ನುತ್ತದೆ ಆ ಸಂದೇಶ.

ಸಂಖ್ಯೆಗಳೇನೋ ಹತ್ತಿರ ಇವೆ. ಆದರೆ ಕಲ್ಪವೆಂದರೆ ಇಡೀ ಹಗಲಿನ ಅವಧಿ, ಅದರಲ್ಲಿ ಕಳೆದದ್ದೆಷ್ಟು ಎಂಬುದು ಬೇರೆ ಲೆಕ್ಕ. ಪೂಜೆಗೆ ಕೂತಾಗ ಸಂಕಲ್ಪದಲ್ಲಿ "ಶ್ವೇತವರಾಹಕಲ್ಪೇ ವೈವಸ್ವತಮನ್ವಂತರೇ" ಎಂದು ಹೇಳುತ್ತೇವಲ್ಲ, ಆ ಲೆಕ್ಕವನ್ನೇ ಬಿಡಿಸಿದರೆ ಈ ಕಲ್ಪದಲ್ಲಿ ಕಳೆದದ್ದು ಸುಮಾರು 197 ಕೋಟಿ ವರ್ಷ. ಈಗ ಗದಗಿಗೆ ಹೋಗಿ ಕಪ್ಪತಗುಡ್ಡ ಹತ್ತಿರಿ. ಕಾಲ ಕೆಳಗಿನ ಆ ಬಂಡೆಗಳು ಭೂವಿಜ್ಞಾನಿಗಳು ಧಾರವಾಡ ಶಿಲೆಗಳೆಂದು ಕರೆಯುವ ಗುಂಪಿಗೆ ಸೇರಿದವು, ನಮ್ಮ ಊರಿನ ಹೆಸರನ್ನು ಜಗತ್ತಿನ ಭೂವಿಜ್ಞಾನದ ಪುಸ್ತಕಗಳಿಗೆ ಸೇರಿಸಿದವು. ಅವು 250 ಕೋಟಿ ವರ್ಷಕ್ಕೂ ಹಳೆಯವು. ಅಂದರೆ ಪುರಾಣವನ್ನು ಭೂವಿಜ್ಞಾನ ಎಂದು ಒಯ್ದು ನಿಲ್ಲಿಸಿದರೆ, ಅದನ್ನು ಸುಳ್ಳು ಮಾಡಲು ಕಪ್ಪತಗುಡ್ಡದ ಒಂದು ಹೆಂಟೆ ಕಲ್ಲು ಸಾಕು. ಪುರಾಣಕ್ಕೆ ಈ ಅವಮಾನ ಯಾರು ತಂದರು? ಅದನ್ನು ಹೊಗಳಲು ಹೊರಟವರೇ. ಇನ್ನು ಭೂಮಿಯ ವಯಸ್ಸು ಸಿಕ್ಕಿದ್ದು 1956ರಲ್ಲಿ, ಅಮೆರಿಕದ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ ಉಲ್ಕಾಶಿಲೆಗಳಲ್ಲಿನ ಸೀಸದ ಬಗೆಗಳನ್ನು (ಐಸೋಟೋಪುಗಳನ್ನು) ಅಳೆದಾಗ. ಯುಗಗಳ ಲೆಕ್ಕ ಹಾಕಿದವರ ಆಸಕ್ತಿ ಇದರಲ್ಲಿ ಇರಲಿಲ್ಲ. ಮನುಷ್ಯನ ಆಯಸ್ಸು ಎಷ್ಟು ಚಿಕ್ಕದು ಎಂದು ತೋರಿಸಲು ಅವರಿಗೆ ಅಷ್ಟು ದೊಡ್ಡ ಸಂಖ್ಯೆ ಬೇಕಿತ್ತು ಎಂದು ನಾನು ಓದಿಕೊಳ್ಳುತ್ತೇನೆ.

ನಂಬಿಕೆಯಿದ್ದೂ ಈ ಬಲೆಗೆ ಬೀಳದವರು ಇದ್ದಾರೆ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಗಣಿತದಿಂದ ತೋರಿಸಿ, 1931ರಲ್ಲಿ ಅದೆಲ್ಲ ಒಂದು ಆದಿ ಅಣುವಿನಿಂದ ಹೊರಟಿರಬೇಕೆಂದ ಜಾರ್ಜ್ ಲಮೇತ್ರ್ ಬೆಲ್ಜಿಯಂನ ಕ್ಯಾಥೋಲಿಕ್ ಪಾದ್ರಿ. ಇಂದು ಮಹಾಸ್ಫೋಟ ಎನ್ನುವ ಸಿದ್ಧಾಂತದ ಬೇರು ಅದೇ. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಖುಷಿಯಿಂದ, ಇದು ಬೈಬಲಿನ ಸೃಷ್ಟಿಗೆ ಸಾಕ್ಷಿ ಎಂಬ ಧಾಟಿಯಲ್ಲಿ ಮಾತನಾಡಿದರು. ಪಾದ್ರಿಗೆ ಹಿತವೆನಿಸಬೇಕಿತ್ತು. ಲಮೇತ್ರ್‌ಗೆ ಅದು ಸರಿಬರಲಿಲ್ಲ. ತನ್ನ ಸಿದ್ಧಾಂತ ಧರ್ಮದ ಪ್ರಶ್ನೆಯ ಹೊರಗಿನದು, ದೇವರನ್ನು ನಂಬುವವನೂ ನಂಬದವನೂ ಅದನ್ನು ಒಪ್ಪಬಹುದು ಎಂಬುದು ಅವರ ನಿಲುವಾಗಿತ್ತು. ಜಾಣತನವೂ ಇತ್ತು ಅದರಲ್ಲಿ: ಇಂದಿನ ಸಿದ್ಧಾಂತಕ್ಕೆ ದೇವರನ್ನು ಕಟ್ಟಿಹಾಕಿದರೆ, ನಾಳೆ ಸಿದ್ಧಾಂತ ಬದಲಾದಾಗ ದೇವರ ಗತಿ?

1979ರ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡ ಮೂವರಲ್ಲಿ ಅಬ್ದುಸ್ ಸಲಾಮ್ ಮತ್ತು ಸ್ಟೀವನ್ ವೈನ್‌ಬರ್ಗ್ ಇದ್ದರು. ಸಲಾಮ್ ನಿಷ್ಠಾವಂತ ಮುಸಲ್ಮಾನ, ನೊಬೆಲ್ ಔತಣದ ಭಾಷಣದಲ್ಲೇ ಕುರಾನಿನ ಸಾಲು ಉದ್ಧರಿಸಿದವರು. ವೈನ್‌ಬರ್ಗ್ ಮುಚ್ಚುಮರೆಯಿಲ್ಲದ ನಾಸ್ತಿಕ. ಇಬ್ಬರೂ ಬೇರೆ ಬೇರೆಯಾಗಿ ಕೂತು ವಿದ್ಯುತ್ಕಾಂತೀಯ ಬಲ ಮತ್ತು ಅಣುಕೇಂದ್ರದಲ್ಲಿ ಕೆಲಸ ಮಾಡುವ ದುರ್ಬಲ ಬಲ ಒಂದೇ ಮೂಲದವು ಎಂಬ ಒಂದೇ ಸಿದ್ಧಾಂತಕ್ಕೆ ಬಂದರು. ಸಮೀಕರಣ ನೋಡಿ ಯಾವುದು ನಮಾಜು ಮಾಡುವವನದು, ಯಾವುದು ಮಾಡದವನದು ಎಂದು ಹೇಳಲಾಗದು. ನಿಮ್ಮ ಆತ್ಮವಂಚನೆಯ ಅಳುಕಿಗೆ ನಾನು ಕೊಡುವ ಉತ್ತರ ಇದು. ದೇವರ ಮನೆಯಲ್ಲಿ ದೀಪ ಹಚ್ಚಿ ಬಂದವರು ಕಪ್ಪುಹಲಗೆಯ ಮೇಲೆ ಗ್ರಹಣದ ಚಿತ್ರ ಸರಿಯಾಗಿ ಬರೆದರೆ ವಂಚನೆಯೇನೂ ಇಲ್ಲ. ದೀಪ ಉಳಿಸಿಕೊಳ್ಳಲು ಚಿತ್ರ ತಿದ್ದಿದರೆ ಅದು ವಂಚನೆ.

ನಮ್ಮ ನೆಲದ ಶರಣರನ್ನೂ ಇಲ್ಲಿ ನೆನೆಯಬೇಕು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಹನ್ನೆರಡನೇ ಶತಮಾನದಲ್ಲಿ ತಳ್ಳಿಹಾಕಿದವರು ಕಟ್ಟಾ ಭಕ್ತರು. ಭಕ್ತಿಯ ಒಳಗಿನಿಂದಲೇ ಮೌಢ್ಯಕ್ಕೆ ಪೆಟ್ಟು ಬಿದ್ದ ಉದಾಹರಣೆ ಇದು. ನಿಮ್ಮ ಅತ್ತೆಯವರೊಡನೆ ಮಾತಾಡುವಾಗ ಭೌತಶಾಸ್ತ್ರಕ್ಕಿಂತ ಇದು ಹೆಚ್ಚು ಕೆಲಸಕ್ಕೆ ಬಂದೀತು.

ಭವಿಷ್ಯದ ವಿಷಯ ನೀವು ಕೇಳಿಲ್ಲ, ಆದರೂ ತರಗತಿಯಲ್ಲಿ ಬಂದೇ ಬರುತ್ತದೆ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ದಸರಾ ಹೊತ್ತಿಗೆ ದೇವರ ಸೇವಕನಾದ ಗೊರವಯ್ಯ ಬಿಲ್ಲೇರಿ ಕಾರಣಿಕ, ಅಂದರೆ ಒಗಟಿನಂಥ ಭವಿಷ್ಯವಾಣಿ, ನುಡಿಯುತ್ತಾನೆ. ಧಾರವಾಡ ತಾಲ್ಲೂಕಿನ ಹನುಮನಕೊಪ್ಪದವರು ಯುಗಾದಿ ಅಮಾವಾಸ್ಯೆಯ ಸಂಜೆ ತುಪ್ಪರಿ ಹಳ್ಳದ ದಂಡೆಯಲ್ಲಿ ಗೊಂಬೆ, ಕಾಳುಕಡಿ ಇಟ್ಟು ಬಂದು, ಪಾಡ್ಯದ ಬೆಳಿಗ್ಗೆ ಹೋಗಿ ಯಾವ ಗೊಂಬೆಗೆ ಪೆಟ್ಟಾಗಿದೆ, ಯಾವ ಕಾಳು ಚದುರಿದೆ ಎಂದು ನೋಡಿ ಮಳೆ, ಬೆಳೆ, ರಾಜಕಾರಣ ಹೇಳುತ್ತಾರೆ. ನನಗೆ ಇವೆರಡೂ ಇಷ್ಟ. ಒಂದು ಸೀಮೆಯ ರೈತಾಪಿ ಜನ ವರ್ಷವಿಡೀ ತಮ್ಮನ್ನು ಕಾಡುವ ಅಂಜಿಕೆಗಳನ್ನು ಒಟ್ಟಿಗೆ ಹೊರಗೆ ತಂದು ಮಾತಾಡುವ ದಿನ ಅದು. ಆದರೆ ಬಿತ್ತನೆಯ ತೀರ್ಮಾನ ಅದರ ಮೇಲೆ ಮಾಡಬಹುದೇ? ಹವಾಮಾನ ಇಲಾಖೆಯ ಮಾತೂ ತಪ್ಪುತ್ತದಲ್ಲ ಎಂದು ಹುಡುಗರು ಕೇಳುತ್ತಾರೆ. ತಪ್ಪುತ್ತದೆ. 2002ರಲ್ಲಿ ಇಲಾಖೆ ದೇಶದ ಮುಂಗಾರು ವಾಡಿಕೆಯ 101 ಪ್ರತಿಶತ ಎಂದಿತ್ತು, ಬಿದ್ದದ್ದು 81. ಭೀಕರ ಬರ. ಮರುವರ್ಷವೇ ಆ ಹಳೆಯ ಮಾದರಿಯನ್ನು ಕೈಬಿಟ್ಟು ಹೊಸದನ್ನು ತಂದರು. ಎಷ್ಟು ತಪ್ಪಿತು ಎಂದು ಅಂಕಿಯಲ್ಲಿ ಹೇಳಲು ಬಂದದ್ದರಿಂದಲೇ ತಿದ್ದಲೂ ಬಂದಿತು. ಕಾರಣಿಕದ ನುಡಿ ಎಷ್ಟು ಒಗಟಾಗಿರುತ್ತದೆಂದರೆ, ಏನೇ ಆದರೂ ಅದಕ್ಕೆ ಹೊಂದುವ ಅರ್ಥ ವರ್ಷದ ಕೊನೆಗೆ ಸಿಕ್ಕೇ ಸಿಗುತ್ತದೆ. ಕಾವ್ಯಕ್ಕೆ ಅದು ಗುಣ, ಮುನ್ಸೂಚನೆಗೆ ದೋಷ.

ಇಷ್ಟೆಲ್ಲ ಹೇಳಿದ ಮೇಲೆ, ಎಲ್ಲವೂ ಸುಗಮ ಎಂಬ ಭಾವನೆ ಕೊಡಲಾರೆ. ಕೆಲವು ಕಡೆ ಢಿಕ್ಕಿ ಆಗಿಯೇ ತೀರುತ್ತದೆ. ಧರ್ಮಗ್ರಂಥದ ಮಾತು ಜಗತ್ತಿನ ಸಂಗತಿಯ ಬಗ್ಗೆ ಇದ್ದಾಗ, ಅಂದರೆ ಜೀವಿಗಳು ಹೇಗೆ ಬಂದವು, ಯಾವ ಮಹಾಪುರುಷ ಎಲ್ಲಿ ಯಾರ ಹೊಟ್ಟೆಯಲ್ಲಿ ಹುಟ್ಟಿದ, ಯಾವ ಶಾಸನದಲ್ಲಿ ಏನಿದೆ ಎಂಬಂಥವು ಬಂದಾಗ, ಪುರಾವೆ ಗೆಲ್ಲಬೇಕು. ಗೆಲ್ಲಲು ಬಿಡದ ಸಮಾಜದಲ್ಲಿ ಏನಾಗುತ್ತದೆಂದು ಧಾರವಾಡದವರಿಗೆ ಬೇರೆಯವರು ಹೇಳಬೇಕಾಗಿಲ್ಲ. ಸಂಶೋಧಕ ಎಂ.ಎಂ. ಕಲಬುರ್ಗಿಯವರು ವಚನ, ಶಾಸನಗಳ ಆಧಾರದಿಂದ ಬರೆದ ಕೆಲವು ತೀರ್ಮಾನಗಳನ್ನು 1989ರಲ್ಲಿ ಒತ್ತಡಕ್ಕೆ ಸಿಕ್ಕಿ ಹಿಂದೆಗೆದುಕೊಳ್ಳಬೇಕಾಯಿತು. ಅದನ್ನು ಬೌದ್ಧಿಕ ಆತ್ಮಹತ್ಯೆ ಎಂದು ಅವರೇ ಕರೆದುಕೊಂಡರು. 2015ರ ಆಗಸ್ಟ್ 30ರ ಬೆಳಿಗ್ಗೆ ಕಲ್ಯಾಣನಗರದ ಮನೆಯಲ್ಲೇ ಅವರಿಗೆ ಗುಂಡಿಟ್ಟರು. ಕೊಂದವರ ಉದ್ದೇಶದ ತೀರ್ಪು ನ್ಯಾಯಾಲಯದ ಕೆಲಸ. 1989ರ ಒತ್ತಡಕ್ಕೆ ಮಾತ್ರ ತೀರ್ಪು ಬೇಕಿಲ್ಲ, ಅದು ನಮ್ಮ ಕಣ್ಣೆದುರೇ ನಡೆದದ್ದು. ಅಲ್‌ಬೇರೂನಿಯ ಊಹೆ ಓದುವಾಗಲೆಲ್ಲ ನನಗೆ ಈ ಊರೇ ನೆನಪಾಗುತ್ತದೆ.

ನಿಮ್ಮ ಬೆನ್ನಿಗೆ ಕಾಯ್ದೆಯೂ ಇದೆ ಎಂಬುದನ್ನು ಬಲ್ಲಿರಾ? ಸಂವಿಧಾನದ 51ಎ (ಎಚ್) ವಿಧಿ ವೈಜ್ಞಾನಿಕ ಮನೋಭಾವ, ಮಾನವೀಯತೆ, ಪ್ರಶ್ನಿಸುವ ಗುಣಗಳನ್ನು ಬೆಳೆಸುವುದು ಪ್ರತಿ ನಾಗರಿಕರ ಕರ್ತವ್ಯ ಎನ್ನುತ್ತದೆ. 1976ರ 42ನೇ ತಿದ್ದುಪಡಿಯಲ್ಲಿ ಸೇರಿದ್ದು. ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ್ದರು. ಆ ವಿಧಿಯಲ್ಲಿ ಮಾನವೀಯತೆ ಎಂಬ ಮಾತೂ ಒಟ್ಟಿಗೇ ಇದೆ. ನಮ್ಮ ಕೆಲವು ವಿಚಾರವಾದಿ ಗೆಳೆಯರು ಅದನ್ನು ಓದದೆ ಮುಂದೆ ಹೋಗುತ್ತಾರೆ. ಅತ್ತೆಯ ಎದುರು ಗರಿಕೆ ಕಿತ್ತೆಸೆದು ಗೆದ್ದೆ ಎನ್ನುವುದರಲ್ಲಿ ವಿಜ್ಞಾನ ಬಹಳವಿಲ್ಲ.

ಆ ಹುಡುಗಿಗೆ ಉತ್ತರ ಕೊಡುವುದು ಬಾಕಿ ಇದ್ದರೆ ಹೀಗೆ ಹೇಳಬಹುದು: "ಹೌದವಾ, ಹಾಕಿದ್ದೆ. ನಮ್ಮ ಅತ್ತಿಯವರಿಗೆ ಸಮಾಧಾನ ಆಗ್ಲಿ ಅಂತ ಹಾಕಿದ್ದೆ. ನೀರಿಗೆ ಏನರ ಆಗತೈತೋ ಇಲ್ಲೋ, ಅದನ್ನ ನಾವು ನೋಡಿ ತಿಳಕೊಬಹುದು." ಆಮೇಲೆ ಹೇಗೆ ನೋಡುವುದೆಂದು ಮಕ್ಕಳಿಂದಲೇ ಹೇಳಿಸಿರಿ. ಒಂದೇ ಕೊಡದ ನೀರು ಎರಡು ಗ್ಲಾಸಿಗೆ, ಒಂದಕ್ಕೆ ಗರಿಕೆ, ಒಂದಕ್ಕೆ ಇಲ್ಲ; ಯಾವುದು ಯಾವುದೆಂದು ನೋಡುವವನಿಗೆ ತಿಳಿಸಬಾರದು; ಗ್ರಹಣವಿಲ್ಲದ ರಾತ್ರಿಯೂ ಹಾಗೇ ಇಟ್ಟು ಹೋಲಿಸಬೇಕು. ಈ ಮೂರನೆಯದು ಮಕ್ಕಳಿಗೆ ತಾವಾಗಿಯೇ ಹೊಳೆದರೆ ಆ ವರ್ಷದ ನಿಮ್ಮ ಪಾಠ ಸಾರ್ಥಕ.

2027ರ ಆಗಸ್ಟ್ 2ರಂದು ಸೂರ್ಯಗ್ರಹಣವಿದೆ. ಖಗ್ರಾಸ ಕಾಣುವುದು ಸ್ಪೇನ್, ಈಜಿಪ್ಟ್, ಅರೇಬಿಯಾ ಕಡೆ. ನಮ್ಮಲ್ಲಿ ಮಧ್ಯಾಹ್ನ ಇಳಿದ ಮೇಲೆ ಭಾಗಶಃ. ಅದೊಂದು ಸೋಮವಾರ, ಶಾಲೆ ಇರುವ ದಿನ. ಮಳೆಗಾಲ, ಮೋಡ ಸರಿದರೆ ಅದೃಷ್ಟ. ಬರಿಗಣ್ಣಿನಿಂದ, ಎಕ್ಸ್‌ರೇ ಹಾಳೆಯಿಂದ, ಕಪ್ಪು ಚಷ್ಮಾದಿಂದ ಸೂರ್ಯನನ್ನು ನೋಡಲು ಬಿಡಬೇಡಿ, ಕಣ್ಣಿನ ಪರದೆ ಸುಡುತ್ತದೆ, ಸುಡುವಾಗ ನೋವೂ ಗೊತ್ತಾಗುವುದಿಲ್ಲ. ಗ್ರಹಣ ನೋಡುವುದಕ್ಕೆಂದೇ ಮಾಡಿದ ಕನ್ನಡಕ ಧಾರವಾಡದ ಪ್ರಾದೇಶಿಕ ವಿಜ್ಞಾನ ಕೇಂದ್ರದಲ್ಲಿ ಸಿಕ್ಕೀತೇ ಎಂದು ತಿಂಗಳು ಮೊದಲೇ ವಿಚಾರಿಸಿರಿ. ಸಿಗದಿದ್ದರೆ ಅಡುಗೆಮನೆಯ ಜರಡಿ ತನ್ನಿ. ಸೂರ್ಯನಿಗೆ ಬೆನ್ನು ಮಾಡಿ ನಿಂತು, ಜರಡಿಯ ನೆರಳನ್ನು ಬಿಳಿ ಹಾಳೆಯ ಮೇಲೆ ಬೀಳಿಸಿ ಮಕ್ಕಳಿಗೆ ತೋರಿಸಿರಿ. ಒಂದೊಂದು ತೂತಿನ ಕೆಳಗೂ ಅಂಚು ಕಚ್ಚಿದ ಒಂದೊಂದು ಸೂರ್ಯ ಕಾಣುತ್ತದೆ. ಜರಡಿಯನ್ನು ಹಾಳೆಯಿಂದ ಸ್ವಲ್ಪ ದೂರ ಸರಿಸಿದರೆ ಬಿಂಬ ದೊಡ್ಡದಾಗುತ್ತದೆ, ತೀರಾ ದೂರ ಹಿಡಿದರೆ ಬಿಂಬಗಳು ಒಂದರ ಮೇಲೊಂದು ಬಿದ್ದು ಕಲೆಸಿಹೋಗುತ್ತವೆ.